ದ್ರೋಹ ಬಗೆದವನಿಗೆ ಮರಳುವ ದಾರಿ

ಕ್ರೈಸ್ತ ಧರ್ಮದ ಕೇಂದ್ರದಲ್ಲಿರುವ ಶಿಲುಬೆಯ ಕಥನವು ಹೊರಗಿನ ಶತ್ರುವಿನಿಂದಲ್ಲ, ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರಿಂದ ಆರಂಭವಾಗುತ್ತದೆ. ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ಹೆಸರುಗಳಲ್ಲಿರುವ ನಾಲ್ಕು ಸುವಾರ್ತೆಗಳು, ಅಂದರೆ ಯೇಸುವಿನ ಬದುಕು ಮತ್ತು ಬೋಧನೆಯನ್ನು ನಿರೂಪಿಸುವ ಹೊಸ ಒಡಂಬಡಿಕೆಯ ಮೊದಲ ನಾಲ್ಕು ಗ್ರಂಥಗಳು, ಅನೇಕ ವಿವರಗಳಲ್ಲಿ ಒಂದಕ್ಕೊಂದು ಭಿನ್ನವಾಗಿದ್ದರೂ ಎರಡು ಸಂಗತಿಗಳನ್ನು ಮಾತ್ರ ಒಕ್ಕೊರಲಿನಿಂದ ಹೇಳುತ್ತವೆ: ಹನ್ನೆರಡು ಮಂದಿ ಆಪ್ತ ಶಿಷ್ಯರಲ್ಲಿ ಒಬ್ಬನಾದ ಯೂದ ಇಸ್ಕರಿಯೋತನು ಗುರುವನ್ನು ಹಿಡಿದುಕೊಟ್ಟನು; ಆ ಹನ್ನೆರಡು ಮಂದಿಯಲ್ಲಿ ಮುಂದಾಳಾಗಿದ್ದ ಪೇತ್ರನು ಅದೇ ರಾತ್ರಿ, ಆ ಗುರು ಯಾರೆಂದೇ ತನಗೆ ತಿಳಿಯದೆಂದು ಮೂರು ಬಾರಿ ಹೇಳಿದನು. ತಮ್ಮ ಮೊದಲ ತಲೆಮಾರಿನವರ ಕುಂದುಗಳನ್ನು ಮುಚ್ಚಿಡುವುದು ಎಲ್ಲ ಪಂಥಗಳ ಸಹಜ ಸ್ವಭಾವವಾಗಿರುವಾಗ, ಆದಿ ಕ್ರೈಸ್ತರು ತಮ್ಮ ಹಿರಿಯ ನಾಯಕನ ಅಂಜುಬುರುಕುತನವನ್ನು ಧರ್ಮಗ್ರಂಥದಲ್ಲೇ ಬರೆದಿಟ್ಟರು. ಇಂದಿಗೂ ಶುಭ ಶುಕ್ರವಾರದಂದು ಚರ್ಚುಗಳಲ್ಲಿ ಯೋಹಾನನ ಸುವಾರ್ತೆಯ ಯಾತನಾಕಥನವನ್ನು ಓದುವಾಗ ಆ ಮೂರು ನಿರಾಕರಣೆಗಳಲ್ಲಿ ಒಂದನ್ನೂ ಬಿಡುವುದಿಲ್ಲ.

ಹೀಗೆ ಬರೆದಿಟ್ಟದ್ದರ ಹಿಂದೆ ಒಂದು ಗಂಭೀರ ಪ್ರಶ್ನೆಯಿದೆ. ದ್ರೋಹ ಬಗೆದವನಿಗೆ ತನ್ನ ತಪ್ಪು ತಿಳಿದ ಮೇಲೆ ಮುಂದೇನು? ಇಬ್ಬರು ಶಿಷ್ಯರ ಕಥೆಯನ್ನೂ, ಅದರ ಬೆನ್ನಲ್ಲೇ ಬಂದ ಸಭೆಯ, ಅಂದರೆ ಕ್ರೈಸ್ತ ಸಮುದಾಯದ, ಇತಿಹಾಸವನ್ನೂ ಜೊತೆಗಿಟ್ಟು ನೋಡಿದರೆ ದೊರೆಯುವ ಉತ್ತರವಿದು: ತಪ್ಪಿನ ಅರಿವೊಂದರಿಂದಲೇ ಮನುಷ್ಯನು ಉಳಿಯಲಾರನು, ಆ ಅರಿವನ್ನು ಕೇಳಿಸಿಕೊಳ್ಳುವವರು ಬೇಕು, ಮರಳಿ ಬರಲು ಒಂದು ಜಾಗ ಬೇಕು, ಮರಳಿದ ಮೇಲೆ ಮಾಡಲು ಒಂದು ಕೆಲಸವೂ ಬೇಕು.

ಯೂದನ ಪಶ್ಚಾತ್ತಾಪವನ್ನು ವಿವರವಾಗಿ ಹೇಳುವುದು ಮತ್ತಾಯನ ಸುವಾರ್ತೆ. ಮುಖ್ಯಯಾಜಕರು, ಅಂದರೆ ಜೆರುಸಲೇಮಿನ ದೇವಾಲಯದ ಅಧಿಕಾರ ಹಿಡಿದಿದ್ದ ಪುರೋಹಿತರು, ಅವನಿಗೆ ತೂಗಿಕೊಟ್ಟದ್ದು 30 ಬೆಳ್ಳಿ ನಾಣ್ಯ. ಎತ್ತು ಹಾಯ್ದು ಗುಲಾಮನು ಸತ್ತರೆ ಅವನ ಒಡೆಯನಿಗೆ ಕೊಡಬೇಕಾದ ಪರಿಹಾರವೆಂದು ವಿಮೋಚನಕಾಂಡವು ಗೊತ್ತುಮಾಡಿರುವ ಮೊತ್ತವೂ ಅಷ್ಟೇ ಎಂಬುದನ್ನು ಯಹೂದಿ ಧರ್ಮಶಾಸ್ತ್ರ ಬಲ್ಲ ಮೊದಲ ಓದುಗರು ತಪ್ಪದೆ ಗಮನಿಸಿರಬೇಕು. ಗೆತ್ಸೆಮನೆಯ ತೋಟದಲ್ಲಿ ಮುದ್ದಿಟ್ಟು ಗುರುತು ತೋರಿಸಿದ ಅವನನ್ನು ಯೇಸು ಗೆಳೆಯನೆಂದೇ ಕರೆಯುತ್ತಾನೆ. ಮರಣದಂಡನೆ ಖಚಿತವಾದುದನ್ನು ಕಂಡಾಗ ಯೂದನ ಮನಸ್ಸು ಕುಸಿಯುತ್ತದೆ. ಅವನು ಹಣವನ್ನು ಹಿಂದಕ್ಕೆ ಒಯ್ಯುತ್ತಾನೆ, ನಿರಪರಾಧಿಯನ್ನು ಸಾವಿಗೆ ಒಪ್ಪಿಸಿ ಪಾಪ ಮಾಡಿದೆನೆಂದು ಬಾಯಿಬಿಟ್ಟು ಹೇಳುತ್ತಾನೆ. ಮುಂದಿನ ಶತಮಾನಗಳಲ್ಲಿ ದೈವಶಾಸ್ತ್ರಜ್ಞರು ಪಶ್ಚಾತ್ತಾಪದ ಅಂಗಗಳೆಂದು ಹೆಸರಿಸಿದ ಮೂರೂ, ಅಂದರೆ ಮನದ ಮರುಕ, ಬಾಯಿಂದ ನಿವೇದನೆ ಮತ್ತು ಕೈಯಿಂದ ಪರಿಹಾರ, ಈ ದೃಶ್ಯದಲ್ಲಿವೆ. ಆದರೆ ಅವನ ಮಾತಿಗೆ ಸಿಕ್ಕ ಉತ್ತರವು ಅತ್ಯಂತ ತಣ್ಣನೆಯದು. ಅದು ತಮಗೆ ಸಂಬಂಧಪಟ್ಟದ್ದಲ್ಲ, ನೀನೇ ನೋಡಿಕೋ ಎಂದು ಯಾಜಕರು ಕೈತೊಳೆದುಕೊಳ್ಳುತ್ತಾರೆ. ಅವನು ನಾಣ್ಯಗಳನ್ನು ದೇವಾಲಯದೊಳಕ್ಕೆ ಎಸೆದು ಹೋಗಿ ನೇಣು ಹಾಕಿಕೊಂಡ ಮೇಲೆ, ಅದೇ ಯಾಜಕರು ರಕ್ತದ ಹಣವನ್ನು ದೇವಾಲಯದ ಬೊಕ್ಕಸಕ್ಕೆ ಸೇರಿಸಬಹುದೋ ಬಾರದೋ ಎಂಬ ಶಾಸ್ತ್ರವಿಚಾರಕ್ಕೆ ಕುಳಿತು, ಪರದೇಶಿಗಳನ್ನು ಹೂಳಲೆಂದು ಕುಂಬಾರನ ಹೊಲವನ್ನು ಕೊಳ್ಳುತ್ತಾರೆ. ಅಪೊಸ್ತಲರ ಕೃತ್ಯಗಳು ಎಂಬ ಗ್ರಂಥದಲ್ಲಿ ಅವನ ಸಾವಿನ ವಿವರ ಬೇರೆಯೇ ಆಗಿದೆ. ಅಲ್ಲಿ ಹೊಲವನ್ನು ಕೊಂಡವನು ಅವನೇ. ರಕ್ತದ ಹೊಲವೆಂಬ ಹೆಸರು ಮಾತ್ರ ಎರಡರಲ್ಲೂ ಒಂದೇ.

ಪೇತ್ರನ ಕಥೆ ಮಹಾಯಾಜಕನ ಮನೆಯ ಅಂಗಳದಲ್ಲಿ ನಡೆಯುತ್ತದೆ. ಚಳಿಯ ರಾತ್ರಿ, ಆಳುಗಳೂ ಕಾವಲುಗಾರರೂ ಇದ್ದಲಿನ ಬೆಂಕಿ ಹಾಕಿಕೊಂಡು ಮೈ ಕಾಯಿಸಿಕೊಳ್ಳುತ್ತಿದ್ದಾರೆ, ಅವರ ನಡುವೆ ಸೇರಿಕೊಂಡ ಪೇತ್ರನನ್ನು ಮೊದಲು ಗುರುತಿಸುವವಳು ಒಬ್ಬ ಸಾಮಾನ್ಯ ದಾಸಿ. ಅವನ ಗಲಿಲಾಯದ ನುಡಿಯ ಧಾಟಿಯೇ ಅವನನ್ನು ಹಿಡಿದುಕೊಡುತ್ತದೆಂದು ಮತ್ತಾಯನು ಹೇಳುತ್ತಾನೆ. ಮೂರನೆಯ ಬಾರಿ ಆಣೆಯಿಟ್ಟು ನಿರಾಕರಿಸುವಷ್ಟರಲ್ಲಿ ಕೋಳಿ ಕೂಗುತ್ತದೆ. ಆ ಗಳಿಗೆಯಲ್ಲಿ ಯೇಸು ತಿರುಗಿ ಪೇತ್ರನನ್ನು ನೋಡಿದನೆಂಬ ಒಂದು ಸಾಲು ಲೂಕನಲ್ಲಿ ಮಾತ್ರ ಇದೆ. ಪೇತ್ರನು ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅಳುತ್ತಾನೆ. ಯೂದನಂತೆ ಅವನು ಯಾರ ಮುಂದೆಯೂ ನಿವೇದಿಸಿಕೊಳ್ಳುವುದಿಲ್ಲ, ಹಿಂತಿರುಗಿಸಲು ಅವನ ಕೈಯಲ್ಲಿ ಏನೂ ಇಲ್ಲ. ಹೊರಗಿನಿಂದ ಅಳೆದರೆ ಅವನ ಪಶ್ಚಾತ್ತಾಪವು ಯೂದನದಕ್ಕಿಂತ ಕಡಿಮೆಯದೇ. ಆದರೆ ಅವನು ಉಳಿದ ಶಿಷ್ಯರನ್ನು ಬಿಟ್ಟು ಹೋಗಲಿಲ್ಲ, ಅವರೂ ಅವನನ್ನು ಹೊರಗೆ ಹಾಕಲಿಲ್ಲ. ಯೇಸು ಸಾವಿನಿಂದ ಎದ್ದನೆಂಬ ಪುನರುತ್ಥಾನದ ಸುದ್ದಿಯನ್ನು ಶಿಷ್ಯರಿಗೆ ಮುಟ್ಟಿಸುವಂತೆ ಸಮಾಧಿಗೆ ಬಂದ ಸ್ತ್ರೀಯರಿಗೆ ಹೇಳುವ ದೇವದೂತನು ಮಾರ್ಕನ ಸುವಾರ್ತೆಯಲ್ಲಿ ಪೇತ್ರನ ಹೆಸರನ್ನು ಬೇರೆಯಾಗಿಯೇ ಎತ್ತಿ ಹೇಳುತ್ತಾನೆ. ತಾನಿನ್ನು ಶಿಷ್ಯನೇ ಅಲ್ಲವೆಂದು ಅವನು ತಿಳಿದುಕೊಂಡಿರಬಹುದಾದ ಹೊತ್ತಿನಲ್ಲಿ ಆ ಕರೆ ಎಷ್ಟು ಅಗತ್ಯವಾಗಿತ್ತೆಂಬುದನ್ನು ಊಹಿಸಬಹುದು.

ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯವು ಈ ಕಥೆಯನ್ನು ತಿಬೇರಿಯ ಸರೋವರದ ದಡಕ್ಕೆ ಒಯ್ಯುತ್ತದೆ. ರಾತ್ರಿಯಿಡೀ ಬಲೆ ಬೀಸಿ ಬರಿಗೈಯಲ್ಲಿದ್ದ ಶಿಷ್ಯರಿಗೆ ಬೆಳಗಿನ ಜಾವ ದಡದಲ್ಲಿ ಕಾಣುವುದು ಇದ್ದಲಿನ ಬೆಂಕಿ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಇಡೀ ಹೊಸ ಒಡಂಬಡಿಕೆಯಲ್ಲಿ ಇದ್ದಲಿನ ಬೆಂಕಿಯ ಪ್ರಸ್ತಾಪ ಬರುವುದು ಎರಡೇ ಕಡೆ. ಒಂದು ಪೇತ್ರನು ನಿರಾಕರಿಸಿದ ಅಂಗಳದಲ್ಲಿ, ಇನ್ನೊಂದು ಇಲ್ಲಿ. ಊಟವಾದ ಮೇಲೆ ಯೇಸು ಅವನನ್ನು ತನ್ನ ಮೇಲೆ ಪ್ರೀತಿಯಿದೆಯೇ ಎಂದು ಮೂರು ಬಾರಿ ಕೇಳುತ್ತಾನೆ. ಮೂರನೆಯ ಬಾರಿಗೆ ಪೇತ್ರನ ಮನಸ್ಸು ನೊಂದುಕೊಳ್ಳುತ್ತದೆ. ನಿರಾಕರಣೆಯ ಮಾತನ್ನು ಯೇಸು ಎತ್ತುವುದಿಲ್ಲ, ಅದು ನಡೆಯಲೇ ಇಲ್ಲವೆಂಬಂತೆ ಮರೆಸುವುದೂ ಇಲ್ಲ. ಪ್ರತಿ ಉತ್ತರಕ್ಕೂ ಕುರಿಗಳನ್ನು ಮೇಯಿಸುವ ಹೊಣೆಯನ್ನು ಒಪ್ಪಿಸುತ್ತಾನೆ. ಗಾಯವಾದ ಜಾಗವನ್ನೇ ಮುಟ್ಟಿ, ಕ್ಷಮೆಯನ್ನು ಒಂದು ಕೆಲಸದ ರೂಪದಲ್ಲಿ ಕೊಡುವ ಈ ದೃಶ್ಯಕ್ಕಿಂತ ನಿಖರವಾಗಿ ಪಶ್ಚಾತ್ತಾಪವನ್ನು ವಿವರಿಸುವ ಬರಹವು ಕ್ರೈಸ್ತ ಸಾಹಿತ್ಯದಲ್ಲಿ ಮತ್ತೊಂದಿಲ್ಲವೆಂದೇ ಹೇಳಬೇಕು.

ಅಪರಾಧಪ್ರಜ್ಞೆಗೂ ಪಶ್ಚಾತ್ತಾಪಕ್ಕೂ ಇರುವ ವ್ಯತ್ಯಾಸವನ್ನು ಸಂತ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಎರಡು ಬಗೆಯ ದುಃಖವೆಂದು ವಿಂಗಡಿಸುತ್ತಾನೆ: ಒಂದು ಮನುಷ್ಯನನ್ನು ದೇವರತ್ತ ತಿರುಗಿಸುತ್ತದೆ, ಇನ್ನೊಂದು ಸಾವಿನತ್ತ ಒಯ್ಯುತ್ತದೆ. ಎರಡನೆಯದು ತನ್ನ ಸುತ್ತಲೇ ಸುತ್ತುವ ದುಃಖ. ತಾನೆಂಥವನು ಎಂಬುದೇ ಅದರ ಚಿಂತೆ, ತನ್ನಿಂದ ನೊಂದವರು ಯಾರು ಎಂಬುದು ಅದಕ್ಕೆ ಕಾಣುವುದೇ ಇಲ್ಲ. ಐದನೆಯ ಶತಮಾನದ ಆರಂಭದಲ್ಲಿ ‘ದೇವನಗರ’ ಎಂಬ ಗ್ರಂಥವನ್ನು ಬರೆದ ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನನು, ದೇವರ ಕರುಣೆಯಲ್ಲಿ ನಂಬಿಕೆ ಕಳೆದುಕೊಂಡ ಯೂದನು ಉಳಿಸಬಲ್ಲ ಪಶ್ಚಾತ್ತಾಪಕ್ಕೆ ತನ್ನಲ್ಲಿ ಎಡೆಯನ್ನೇ ಇಟ್ಟುಕೊಳ್ಳಲಿಲ್ಲವೆಂದು ತೀರ್ಮಾನಿಸಿದನು. ಈ ತೀರ್ಮಾನವೇ ಮುಂದೆ ಬಹುಕಾಲ ನಿಂತಿತು. ಆದರೂ ಅದು ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ತಪ್ಪೊಪ್ಪಿಕೊಂಡು ಬಂದವನ ಮುಖದ ಮೇಲೆ ಬಾಗಿಲು ಹಾಕಿದ ಯಾಜಕರ ಪಾಲನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಫ್ರಾನ್ಸಿನ ವೆಝೆಲೇ ಎಂಬಲ್ಲಿ ಹನ್ನೆರಡನೆಯ ಶತಮಾನದ ಮಹಾದೇವಾಲಯವೊಂದರ ಕಂಬದ ಬೋದಿಗೆಯ ಮೇಲೆ ಶಿಲ್ಪಿಯೊಬ್ಬನು ಒಂದು ಬದಿಯಲ್ಲಿ ನೇಣಿಗೆ ತೂಗುವ ಯೂದನನ್ನೂ ಇನ್ನೊಂದು ಬದಿಯಲ್ಲಿ ಅವನ ಹೆಣವನ್ನು ಹೆಗಲ ಮೇಲೆ ಹೊತ್ತು ನಡೆಯುವ ಒಬ್ಬನನ್ನೂ ಕೆತ್ತಿದ್ದಾನೆ. ಹೊತ್ತವನು ಕಳೆದುಹೋದ ಕುರಿಯನ್ನು ಹೊತ್ತು ತರುವ ಯೇಸುವೇ ಎಂದು ಓದುವವರಿದ್ದಾರೆ, ಪೋಪ್ ಫ್ರಾನ್ಸಿಸ್ ಕೂಡ ಹಾಗೆಯೇ ಓದಿದವರು.

ಇಲ್ಲೊಂದು ಕಹಿ ಸತ್ಯವನ್ನೂ ಹೇಳದೆ ಮುಂದೆ ಸಾಗುವಂತಿಲ್ಲ. ಮಧ್ಯಯುಗದ ಯುರೋಪಿನಲ್ಲಿ ಯೂದನ ದ್ರೋಹವನ್ನು ಇಡೀ ಯಹೂದಿ ಜನಾಂಗದ ತಲೆಗೆ ಕಟ್ಟಿ, ಅವರ ಮೇಲೆ ನಡೆದ ಹಿಂಸೆಗೆ ಅದನ್ನು ನೆಪ ಮಾಡಿಕೊಳ್ಳಲಾಯಿತು. ಯೇಸುವೂ ಪೇತ್ರನೂ ಉಳಿದ ಶಿಷ್ಯರೂ ಯಹೂದಿಗಳೇ ಆಗಿದ್ದರೆಂಬುದನ್ನು ಮರೆತ ಈ ಓದನ್ನು ಕ್ಯಾಥೊಲಿಕ್ ಧರ್ಮಸಭೆಯು ಅಧಿಕೃತವಾಗಿ ತಳ್ಳಿಹಾಕಿದ್ದು 1965ರ ಅಕ್ಟೋಬರ್ 28ರಂದು, ಎರಡನೆಯ ವ್ಯಾಟಿಕನ್ ಮಹಾಸಭೆಯ ಘೋಷಣೆಯಲ್ಲಿ. ಅಷ್ಟು ತಡವಾಯಿತೆಂಬುದೇ ನೋವಿನ ಮಾತು.

ಇಬ್ಬರು ಶಿಷ್ಯರ ಕಥೆ ಇಡೀ ಸಮುದಾಯದ ಸಂಕಟವಾಗಿ ಮರುಕಳಿಸಿದ್ದು ಮೂರನೆಯ ಶತಮಾನದ ನಡುವಿನಲ್ಲಿ. ರೋಮನ್ ಚಕ್ರವರ್ತಿ ಡೀಸಿಯಸ್ ಸಾಮ್ರಾಜ್ಯದ ನಿವಾಸಿಗಳೆಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ, ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದನು. 250ರಲ್ಲಿ ಬರೆಯಲಾದ ಅಂಥ ಪತ್ರಗಳಲ್ಲಿ ಕೆಲವು ಈಜಿಪ್ಟಿನ ಒಣಮರಳಿನಲ್ಲಿ ಪಪೈರಸ್ ಹಾಳೆಗಳಾಗಿ ಉಳಿದುಬಂದಿವೆ. ಅವುಗಳಲ್ಲಿ ಒಂದರಲ್ಲಿ ಅರ್ಜಿದಾರನ ಹೆಸರು, ಹಳ್ಳಿ, 72 ವರ್ಷ ವಯಸ್ಸು, ಬಲ ಹುಬ್ಬಿನ ಮೇಲಿನ ಗಾಯದ ಗುರುತು ಇವೆಲ್ಲವನ್ನೂ ದಾಖಲಿಸಿ, ಅವನು ಮೊದಲಿನಿಂದಲೂ ದೇವತೆಗಳನ್ನು ಪೂಜಿಸುತ್ತ ಬಂದವನೆಂದೂ ಈಗ ಅಧಿಕಾರಿಗಳ ಸಮಕ್ಷಮದಲ್ಲಿ ನೈವೇದ್ಯ ಅರ್ಪಿಸಿ ಬಲಿಯ ಪ್ರಸಾದ ಸೇವಿಸಿದನೆಂದೂ ಬರೆಯಲಾಗಿದೆ. ಆ ಮುದುಕನು ಕ್ರೈಸ್ತನಾಗಿರಬೇಕೆಂದೇನಿಲ್ಲ. ಆಜ್ಞೆ ಎಲ್ಲರಿಗೂ ಅನ್ವಯವಾಗುತ್ತಿತ್ತು. ಆದರೆ ಕ್ರೈಸ್ತನೊಬ್ಬನಿಗೆ ಅಂಥ ಹಾಳೆ ಎಂದರೆ ತನ್ನ ಒಡೆಯನನ್ನು ಬರಹದಲ್ಲಿ ನಿರಾಕರಿಸಿದ ದಾಖಲೆ.

ಸಾವಿರಾರು ಮಂದಿ ಮಣಿದರು. ಇಂದಿನ ಟ್ಯುನೀಸಿಯಾದಲ್ಲಿದ್ದ ಕಾರ್ಥೇಜ್ ನಗರದ ಬಿಷಪ್ ಸಿಪ್ರಿಯನ್ ತನ್ನ ‘ಪತಿತರು’ ಎಂಬ ಗ್ರಂಥದಲ್ಲಿ, ಯಾರೂ ಹಿಡಿದೆಳೆಯುವ ಮುನ್ನವೇ ಜನ ತಾವಾಗಿ ಚೌಕಕ್ಕೆ ಓಡಿದ್ದನ್ನೂ, ಸಂಜೆಯಾಯಿತು ನಾಳೆ ಬನ್ನಿ ಎಂದ ಅಧಿಕಾರಿಗಳನ್ನು ಇಂದೇ ಮುಗಿಸಿಕೊಡಿ ಎಂದು ಬೇಡಿಕೊಂಡದ್ದನ್ನೂ ವಿವರಿಸುತ್ತಾನೆ. ಬಲಿ ಕೊಟ್ಟವರು, ಚಿಟಿಕೆ ಧೂಪ ಮಾತ್ರ ಹಾಕಿದವರು, ಏನನ್ನೂ ಅರ್ಪಿಸದೆ ಲಂಚ ಕೊಟ್ಟು ಪ್ರಮಾಣಪತ್ರ ಕೊಂಡವರು ಎಂದು ಈ ಪತಿತರಲ್ಲಿ ಬಗೆಗಳಿದ್ದವು. ಹಿಂಸೆಯ ಬಿಸಿ ಆರಿದ ಮೇಲೆ ಇವರಲ್ಲಿ ಬಹುಮಂದಿ ಸಭೆಯ ಬಾಗಿಲಿಗೆ ಮರಳಿ ಬಂದರು. ಒಳಗಿದ್ದವರಲ್ಲಿ ಸೆರೆಮನೆ ಕಂಡವರೂ ಚಿತ್ರಹಿಂಸೆ ಅನುಭವಿಸಿದವರೂ ಮಡಿದವರ ಮಕ್ಕಳೂ ಇದ್ದರು. ಸೆರೆವಾಸ ಕಂಡ ಕೆಲವರು ಉದಾರವಾಗಿ, ವಿಚಾರಣೆಯನ್ನೇ ಮಾಡದೆ, ಪತಿತರಿಗೆ ಅವರನ್ನು ಮರಳಿ ಸೇರಿಸಿಕೊಳ್ಳಬೇಕೆಂಬ ಶಾಂತಿಪತ್ರಗಳನ್ನು ಬರೆದುಕೊಟ್ಟರು; ಇದಕ್ಕೆ ತದ್ವಿರುದ್ಧವಾಗಿ ರೋಮಿನ ನೊವೇಷಿಯನ್ ಎಂಬ ವಿದ್ವಾಂಸ ಗುರುವು, ನಂಬಿಕೆಯನ್ನು ನಿರಾಕರಿಸಿದವರನ್ನು ಕ್ಷಮಿಸುವ ಅಧಿಕಾರವೇ ಸಭೆಗಿಲ್ಲವೆಂದು ಹಟ ಹಿಡಿದು, 251ರಲ್ಲಿ ಪ್ರತಿಸ್ಪರ್ಧಿ ಬಿಷಪ್ಪನಾಗಿ ಬೇರೆ ಗುಂಪನ್ನೇ ಕಟ್ಟಿದನು.

ಈ ಎರಡು ನಿಲುವುಗಳ ನಡುವಿನ ದಾರಿಯನ್ನು ಕಂಡುಕೊಂಡದ್ದು ಸಿಪ್ರಿಯನ್‌ನ ದೊಡ್ಡತನ. ಹಿಂಸೆಯ ಕಾಲದಲ್ಲಿ ತಲೆಮರೆಸಿಕೊಂಡಿದ್ದನೆಂಬ ಆಕ್ಷೇಪ ಅವನ ಮೇಲೂ ಇತ್ತು. 251ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪ್ಪರ ಸಭೆಯು ಪತ್ರ ಮಾತ್ರ ಕೊಂಡವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ ಸೇರಿಸಿಕೊಳ್ಳಬಹುದೆಂದೂ, ಬಲಿ ಕೊಟ್ಟವರು ದೀರ್ಘ ಪ್ರಾಯಶ್ಚಿತ್ತದಲ್ಲಿದ್ದು ಮರಣಶಯ್ಯೆಯಲ್ಲಿ ಸಮಾಧಾನ ಪಡೆಯಬಹುದೆಂದೂ ನಿರ್ಣಯಿಸಿತು. ಮತ್ತೊಂದು ಹಿಂಸೆಯ ಸೂಚನೆ ಕಂಡಾಗ ಪ್ರಾಯಶ್ಚಿತ್ತದಲ್ಲಿದ್ದವರೆಲ್ಲರನ್ನೂ ಒಳಗೆ ಕರೆದುಕೊಳ್ಳಲಾಯಿತು. ಮುಂದಿನ ಪರೀಕ್ಷೆಯನ್ನು ಎದುರಿಸುವ ಬಲ ಅವರಿಗೆ ಸಭೆಯ ಜೊತೆಯಿಂದಲೇ ಬರಬೇಕೆಂಬ ಈ ಆಲೋಚನೆಯಲ್ಲಿ ಅಪಾರ ಮಾನವೀಯತೆಯಿದೆ. ಸಿಪ್ರಿಯನ್ 258ರ ಸೆಪ್ಟೆಂಬರ್ 14ರಂದು ತನ್ನ ನಂಬಿಕೆಯನ್ನು ಬಿಡಲೊಪ್ಪದೆ ಶಿರಚ್ಛೇದಕ್ಕೆ ಒಳಗಾದನು.

ಇಂಥ ಅನುಭವಗಳಿಂದ ಬೆಳೆದ ಪ್ರಾಯಶ್ಚಿತ್ತದ ಕ್ರಮವು ಇಂದಿನವರಿಗೆ ಕಠೋರವಾಗಿ ಕಾಣುತ್ತದೆ. 325ರ ನೈಸಿಯಾ ಮಹಾಸಭೆಯ 11ನೆಯ ನಿಯಮದಂತೆ, ಬಲವಂತವಿಲ್ಲದೆಯೇ ನಂಬಿಕೆ ಬಿಟ್ಟವರು ಮನಃಪೂರ್ವಕ ಪಶ್ಚಾತ್ತಾಪಪಟ್ಟರೆ 3 ವರ್ಷ ವಾಚನ ಮಾತ್ರ ಕೇಳುವವರ ಸಾಲಿನಲ್ಲೂ, 7 ವರ್ಷ ಸಾಷ್ಟಾಂಗ ಬೀಳುವವರ ಸಾಲಿನಲ್ಲೂ, 2 ವರ್ಷ ಪರಮಪ್ರಸಾದವಿಲ್ಲದೆ ಪ್ರಾರ್ಥನೆಯಲ್ಲಷ್ಟೇ ಪಾಲ್ಗೊಳ್ಳುವವರ ಸಾಲಿನಲ್ಲೂ ಇರಬೇಕಿತ್ತು. ಹನ್ನೆರಡು ವರ್ಷ ಕಡಿಮೆಯ ಅವಧಿಯಲ್ಲ. ಆದರೆ ಅದಕ್ಕೊಂದು ಕೊನೆಯಿತ್ತು, ಅದು ನಡೆಯುತ್ತಿದ್ದದ್ದು ಸಭೆಯ ಛಾವಣಿಯ ಕೆಳಗೇ, ಮತ್ತು ನಡುವೆ ಸಾವು ಬಂದರೆ ಪರಮಪ್ರಸಾದವನ್ನು ನಿರಾಕರಿಸಬಾರದೆಂದು 13ನೆಯ ನಿಯಮವು ಸ್ಪಷ್ಟವಾಗಿ ಹೇಳಿತ್ತು. ಮುಂದೆ ಐರ್ಲೆಂಡಿನ ಸನ್ಯಾಸಿಗಳ ಮೂಲಕ ಗುಟ್ಟಾಗಿ ಒಬ್ಬ ಗುರುವಿನ ಮುಂದೆ ಪಾಪಗಳನ್ನು ಹೇಳಿಕೊಳ್ಳುವ ರೂಢಿ ಹಬ್ಬಿ, 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯು ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡುವುದನ್ನು ಕಡ್ಡಾಯಗೊಳಿಸಿ, ಕೇಳಿದ್ದನ್ನು ಗುರುವು ಹೊರಗೆಡಹಿದರೆ ಕಠಿಣ ಶಿಕ್ಷೆ ವಿಧಿಸಿತು. ಹಣ ಪಡೆದು ಪಾಪದ ಶಿಕ್ಷೆಯಿಂದ ವಿನಾಯಿತಿ ನೀಡುವ ಪತ್ರಗಳನ್ನು ಮಾರುವ ಮಟ್ಟಕ್ಕೆ ಈ ವ್ಯವಸ್ಥೆ ಇಳಿದಾಗ, 1517ರಲ್ಲಿ ಮಾರ್ಟಿನ್ ಲೂಥರ್ ತನ್ನ 95 ವಾದಗಳ ಮೊದಲನೆಯದರಲ್ಲೇ ವಿಶ್ವಾಸಿಯ ಇಡೀ ಬದುಕು ಪಶ್ಚಾತ್ತಾಪವಾಗಿರಬೇಕೆಂದು ಸಾರಿದನು. ಕರ್ನಾಟಕದ ಕ್ಯಾಥೊಲಿಕ್ ಚರ್ಚುಗಳಲ್ಲಿ ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ನಿಲ್ಲುವ ಸಾಲುಗಳೂ, ದಕ್ಷಿಣ ಭಾರತ ಸಭೆಯ ಆರಾಧನೆಯಲ್ಲಿ ಎಲ್ಲರೂ ಕೂಡಿ ಹೇಳುವ ಪಾಪದ ಅರಿಕೆಯೂ ಈ ಎರಡು ಧಾರೆಗಳ ಮುಂದುವರಿಕೆಯೇ.

ಕೇಳಿಸಿಕೊಳ್ಳಲು ಗುರುವೇ ಇಲ್ಲದಾಗ ಏನಾಗುತ್ತದೆಂಬುದಕ್ಕೆ ಜಪಾನಿನ ಇತಿಹಾಸವು ಸಾಕ್ಷಿ. 1614ರಲ್ಲಿ ಅಲ್ಲಿ ಕ್ರೈಸ್ತ ಧರ್ಮವನ್ನು ದೇಶಾದ್ಯಂತ ನಿಷೇಧಿಸಿದ ಮೇಲೆ, ಯೇಸುವಿನ ಅಥವಾ ಮರಿಯಳ ಬಿಂಬವಿದ್ದ ಫಲಕವನ್ನು ಜನರು ಕಾಲಿನಿಂದ ತುಳಿದು ತಾವು ಕ್ರೈಸ್ತರಲ್ಲವೆಂದು ತೋರಿಸಿಕೊಡಬೇಕಾಗಿತ್ತು. ‘ಫುಮಿಎ’ ಎಂಬ ಈ ಫಲಕಗಳಲ್ಲಿ ಕೆಲವು ಸಾವಿರಾರು ಪಾದಗಳ ಉಜ್ಜಿಗೆಗೆ ಸವೆದು ಮುಖವೇ ಕಾಣದಂತಾಗಿವೆ. ನಾಗಸಾಕಿಯ ಸುತ್ತಲಿನ ಹಳ್ಳಿಗಳ ಗುಪ್ತ ಕ್ರೈಸ್ತರು ಫಲಕವನ್ನು ತುಳಿದು ಮನೆಗೆ ಬಂದು, ಗುರುಗಳಿಲ್ಲದ ಕಾಲಕ್ಕೆಂದೇ 1603ರಲ್ಲಿ ಸಿದ್ಧವಾಗಿದ್ದ ಪಶ್ಚಾತ್ತಾಪದ ಪ್ರಾರ್ಥನೆಯನ್ನು ಹೇಳಿಕೊಳ್ಳುತ್ತಿದ್ದರು. ದ್ರೋಹವೂ ಪಶ್ಚಾತ್ತಾಪವೂ ಹೀಗೆ ತಲೆಮಾರುಗಳ ಕಾಲ ಜೊತೆಯಾಗಿಯೇ ನಡೆದವು. 1865ರ ಮಾರ್ಚ್ 17ರಂದು ನಾಗಸಾಕಿಯ ಓವುರಾ ಚರ್ಚಿಗೆ ಬಂದ ಉರಕಾಮಿ ಹಳ್ಳಿಯ ಜನರು ಫ್ರೆಂಚ್ ಗುರು ಪೆತಿಜಾನ್‌ಗೆ ತಮ್ಮ ನಂಬಿಕೆಯನ್ನು ಪಿಸುಮಾತಿನಲ್ಲಿ ತಿಳಿಸಿದಾಗ, ಇನ್ನೂರು ವರ್ಷಗಳಿಗೂ ಮಿಕ್ಕಿದ ಆ ಗುಪ್ತ ಬದುಕು ಹೊರಜಗತ್ತಿಗೆ ಗೊತ್ತಾಯಿತು. ನೊವೇಷಿಯನ್‌ನ ನಿಯಮದಿಂದ ಅಳೆದಿದ್ದರೆ ಅವರಲ್ಲಿ ಒಬ್ಬರೂ ಕ್ರೈಸ್ತರಾಗಿ ಉಳಿಯುತ್ತಿರಲಿಲ್ಲ.

ಕ್ಷಮೆಯ ಬಾಗಿಲು ಇಷ್ಟು ಅಗಲವಾಗಿದ್ದರೆ ಅದನ್ನು ದುರುಪಯೋಗಪಡಿಸಿಕೊಳ್ಳುವವರೂ ಇರುತ್ತಾರೆ. ಬೈಬಲ್ ಇದನ್ನು ಚೆನ್ನಾಗಿ ಬಲ್ಲದು. ತನ್ನ ಸೈನಿಕ ಊರೀಯನನ್ನು ಯುದ್ಧದ ಮುಂಚೂಣಿಗೆ ನೂಕಿ ಕೊಲ್ಲಿಸಿ ಅವನ ಹೆಂಡತಿ ಬತ್ಷೆಬೆಯನ್ನು ತನ್ನವಳಾಗಿ ಮಾಡಿಕೊಂಡ ಅರಸ ದಾವೀದನಿಗೆ ಪ್ರವಾದಿ ನಾತಾನನು ಕ್ಷಮೆಯನ್ನು ಸಾರುತ್ತಾನೆ, ಆದರೆ ಊರೀಯನು ಮರಳಿ ಬರುವುದಿಲ್ಲ, ದಾವೀದನ ಮನೆತನಕ್ಕೆ ತಟ್ಟಿದ ಕೇಡೂ ತಪ್ಪುವುದಿಲ್ಲ. ಸುಂಕದವನಾದ ಜಕ್ಕಾಯನು ತಾನು ಕಿತ್ತುಕೊಂಡದ್ದನ್ನು ನಾಲ್ಕುಪಟ್ಟು ಹಿಂತಿರುಗಿಸುವ ಮಾತು ಕೊಡುತ್ತಾನೆ. ಕಾಣಿಕೆ ತಂದವನಿಗೆ ತನ್ನಿಂದ ನೊಂದ ಸಹೋದರನ ನೆನಪಾದರೆ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ಅವನೊಂದಿಗೆ ರಾಜಿಯಾಗಬೇಕೆಂಬುದು ಯೇಸುವಿನ ಬೋಧನೆ. ಜರ್ಮನಿಯ ದೈವಶಾಸ್ತ್ರಜ್ಞ ಡೀಟ್ರಿಚ್ ಬಾನ್‌ಹೋಫರ್ 1937ರಲ್ಲಿ, ನಾಟ್ಸಿ ಆಡಳಿತಕ್ಕೆ ಸಭೆಯ ಬಹುಭಾಗವು ತಲೆಬಾಗಿದ್ದ ಹೊತ್ತಿನಲ್ಲಿ, ಪಶ್ಚಾತ್ತಾಪವನ್ನು ಬೇಡದ ಕ್ಷಮೆಯನ್ನು ಅಗ್ಗದ ಕೃಪೆಯೆಂದು ಕರೆದು ಖಂಡಿಸಿದನು; 1945ರ ಏಪ್ರಿಲ್ 9ರಂದು ಅವನನ್ನು ಗಲ್ಲಿಗೇರಿಸಲಾಯಿತು. ದ್ರೋಹಕ್ಕೊಳಗಾದವರನ್ನು ಬೇಗ ಕ್ಷಮಿಸಿಬಿಡಿ ಎಂದು ಒತ್ತಾಯಿಸುವ ಧರ್ಮಬೋಧಕರು ಈ ಪಾಠಗಳನ್ನೆಲ್ಲ ಮತ್ತೊಮ್ಮೆ ಓದಬೇಕು. ಪಶ್ಚಾತ್ತಾಪದ ಹೊರೆ ತಪ್ಪು ಮಾಡಿದವನದು. ಅದನ್ನು ನೊಂದವರ ಹೆಗಲಿಗೆ ದಾಟಿಸುವುದು ಎರಡನೆಯ ದ್ರೋಹ.

ಇದೇ ಮಾನದಂಡ ಧರ್ಮಸಭೆಗೂ ಅನ್ವಯಿಸುತ್ತದೆ. 2000ದ ಮಾರ್ಚ್ 12ರಂದು ಪೋಪ್ ಎರಡನೆಯ ಜಾನ್ ಪಾಲ್ ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ, ಸತ್ಯದ ಹೆಸರಿನಲ್ಲಿ ನಡೆದ ಹಿಂಸೆಗೂ ಯಹೂದಿಗಳ ಮೇಲೆ ನಡೆದ ಅನ್ಯಾಯಕ್ಕೂ ಸಭೆಯ ಮಕ್ಕಳ ಪರವಾಗಿ ದೇವರಲ್ಲಿ ಕ್ಷಮೆ ಬೇಡಿದರು. 2018ರ ಆಗಸ್ಟ್ 20ರಂದು ಪೋಪ್ ಫ್ರಾನ್ಸಿಸ್ ವಿಶ್ವಾಸಿಗಳಿಗೆ ಬರೆದ ಪತ್ರದಲ್ಲಿ, ಗುರುಗಳಿಂದ ಲೈಂಗಿಕ ದೌರ್ಜನ್ಯಕ್ಕೊಳಗಾದ ಮಕ್ಕಳ ಗೋಳನ್ನು ಸಭೆಯು ಬಹುಕಾಲ ಕಡೆಗಣಿಸಿತೆಂದು ಒಪ್ಪಿಕೊಂಡರು. ನಿವೇದನೆ ಆಗಿದೆ. ಆದರೆ ದೂರು ಹೊತ್ತು ಬಂದವರಿಗೆ ಅದು ತಮಗೆ ಸಂಬಂಧಪಟ್ಟದ್ದಲ್ಲವೆಂದು ಉತ್ತರಿಸುವ ಅಧಿಕಾರಿಗಳು ಇರುವವರೆಗೆ, ದಾಖಲೆಗಳನ್ನು ನ್ಯಾಯಾಲಯಕ್ಕೆ ಒಪ್ಪಿಸಿ ನೊಂದವರಿಗೆ ಪರಿಹಾರ ಕೊಡುವ ಕೆಲಸ ಎಲ್ಲ ಕಡೆಯೂ ಮುಗಿಯುವವರೆಗೆ, ಸಭೆಯ ಪಶ್ಚಾತ್ತಾಪವು ಅದು ತಾನೇ ವಿಶ್ವಾಸಿಗಳಿಗೆ ಕಲಿಸುತ್ತ ಬಂದಿರುವ ಕ್ರಮದಂತೆಯೇ ಅಪೂರ್ಣ.